ಮೂರು ಕಣ್ಣಿನ ಚೆಂಡು

ಜೂನ್ ಬಂತೆಂದರೆ ಕಾರವಾರದ ಮನೆಗಳಲ್ಲಿ ಬೂಸು ಹಿಡಿಯದೆ ಉಳಿಯುವುದು ಉಪ್ಪಿನ ಭರಣಿಯೊಂದೇ ಎನ್ನುತ್ತಾಳೆ ನನ್ನ ಆಯಿ. ಹಾಗಾಗಿ ಮಂಚದ ಕೆಳಗಿನ ಚೀಲವನ್ನು ಎಳೆದಾಗ ಅದರ ಮೈತುಂಬ ಬೂದು ಬೂಸು ಕಂಡರೂ ನನಗೇನೂ ಅನಿಸಲಿಲ್ಲ. ಜಿಪ್ ತೆರೆದು ಒಳಗಿನ ಚೆಂಡನ್ನು ಎತ್ತಿಕೊಂಡಾಗ ಮಾತ್ರ ಎದೆ ಧಸಕ್ಕೆಂದಿತು. ಚೆಂಡು ಬೆವೆತಿತ್ತು. ಹಲಸಿನ ಹಣ್ಣು ಬಿಡಿಸಿದ ಕೈಯಂತೆ ಅಂಟಂಟು. ಒಂದು ಕಾಲಕ್ಕೆ ನೇರಳೆ ಮತ್ತು ಕಪ್ಪು ಬಣ್ಣದ ಸುಳಿಗಳು ಕಾಣುತ್ತಿದ್ದ ಮೈ ಈಗ ಹಳೆಯ ಹಂಡೆಯ ತಳದ ಹಾಗೆ ಮಂಕಾಗಿತ್ತು. ಒಂದು ಪಕ್ಕದಲ್ಲಿ, ಬಳೆಗಳನ್ನು ಸಾಲಾಗಿ ತೊಡಿಸಿದಂತೆ, ಗೀರುಗಳ ಪಟ್ಟಿ.

ಬೌಲಿಂಗ್ ಎಂದರೆ ನಮ್ಮ ಕಡೆ ಕ್ರಿಕೆಟ್ಟೇ ನೆನಪಾಗುವುದರಿಂದ ಮೊದಲೇ ಹೇಳಿಬಿಡುತ್ತೇನೆ: ಇದು ಹತ್ತು ಪಿನ್‌ಗಳನ್ನು ಉರುಳಿಸುವ ಆಟದ ಚೆಂಡು. ಸುತ್ತಳತೆ ಸುಮಾರು 27 ಇಂಚು, ತೂಕ ಹೆಚ್ಚೆಂದರೆ 16 ಪೌಂಡ್. ನನ್ನದು 14 ಪೌಂಡಿನದು, ಅಂದರೆ ಹತ್ತಿರ ಹತ್ತಿರ 6 ಕಿಲೋ 350 ಗ್ರಾಂ. ಹೆಬ್ಬೆರಳು, ನಡುಬೆರಳು, ಉಂಗುರ ಬೆರಳುಗಳಿಗೆ ಒಂದೊಂದು ತೂತು. ಬೆಂಗಳೂರಿನ ಕೆಲಸ ಬಿಟ್ಟು ಕೋಡಿಬಾಗದ ಮನೆಗೆ ಮರಳಿದ ದಿನ ಆಯಿ ಇದನ್ನು ತಿರುಗಿಸಿ ತಿರುಗಿಸಿ ನೋಡಿ, "ಸುಲಿದ ತೆಂಗಿನಕಾಯಿಗೂ ಮೂರೇ ಕಣ್ಣು. ಆದರೆ ಅದನ್ನು ಒಡೆದರೆ ತಿನ್ನಲಿಕ್ಕಾದರೂ ಏನಾದರೂ ಸಿಗುತ್ತದೆ" ಎಂದಿದ್ದಳು. ಆಮೇಲೆ ನಾಲ್ಕು ವರ್ಷ ಅದು ಮಂಚದ ಕೆಳಗೇ ಇತ್ತು. ಜುಲೈ ಕೊನೆಯಲ್ಲಿ ಹಳೆಯ ಸಹೋದ್ಯೋಗಿಗಳೆಲ್ಲ ಬೆಂಗಳೂರಿನಲ್ಲಿ ಸೇರುವುದು, ಎರಡು ಸಂಜೆ ಬೌಲಿಂಗ್ ಆಡುವುದು ಎಂದು ನಿಶ್ಚಯವಾಗದಿದ್ದರೆ ಇನ್ನೂ ನಾಲ್ಕು ವರ್ಷ ಇರುತ್ತಿತ್ತೋ ಏನೋ.

ನಾನು ಮೊದಲು ಮಾಡಿದ್ದು ಶುದ್ಧ ದಡ್ಡತನ. ದೇವರ ದೀಪ ತಿಕ್ಕುವ ಹಿತ್ತಾಳೆ ಪಾಲಿಶ್ ಮನೆಯಲ್ಲಿತ್ತು. ಹಳೆಯ ಬನಿಯನ್ ತುಂಡಿಗೆ ಹಚ್ಚಿಕೊಂಡು ಒಂದು ಗಂಟೆ ತಿಕ್ಕಿದೆ. ಚೆಂಡು ಹೊಳೆಯಿತು, ಅದು ನಿಜ. ಕಿಟಕಿಯ ಸರಳುಗಳ ಪ್ರತಿಬಿಂಬ ಕಾಣುವಷ್ಟು ಹೊಳೆಯಿತು. ಬಳೆಗಳ ಪಟ್ಟಿಯೂ ಜೊತೆಗೇ ಹೊಳೆಯಿತು, ಮೊದಲಿಗಿಂತ ಚೆನ್ನಾಗಿ ಎದ್ದು ಕಂಡಿತು. ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಹೊಳಪಿನ ಮೇಲೆ ಮತ್ತೆ ಬೆವರಿನ ಹನಿಗಳು. ಮುಟ್ಟಿದರೆ ಮತ್ತದೇ ಅಂಟು, ಈಗ ಹಿತ್ತಾಳೆ ಪಾಲಿಶಿನ ವಾಸನೆಯೂ ಸೇರಿಕೊಂಡಿತ್ತು.

ಆ ಬೆವರು ಎಲ್ಲಿಂದ ಬಂತು ಎಂಬುದು ತಿಳಿಯಬೇಕಾದರೆ ಚೆಂಡು ಉರುಳುವ ಹಾದಿಯ ವಿಷಯ ಸ್ವಲ್ಪ ಹೇಳಬೇಕು. ಎಸೆಯುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಅದರಲ್ಲಿ ಮೊದಲ 40 ಅಡಿಯ ಆಸುಪಾಸಿನವರೆಗೆ ತೆಳುವಾಗಿ ಎಣ್ಣೆ ಬಳಿದಿರುತ್ತಾರೆ, ಉಳಿದದ್ದು ಒಣ. ಬೆರಳಿನಿಂದ ತಿರುವು ಕೊಟ್ಟು ಬಿಟ್ಟ ಚೆಂಡು ಎಣ್ಣೆಯ ಮೇಲೆ ಜಾರಿಕೊಂಡು ಹೋಗಿ, ಒಣ ಭಾಗ ಸಿಕ್ಕ ಕೂಡಲೇ ನೆಲವನ್ನು ಕಚ್ಚಿ ಪಕ್ಕಕ್ಕೆ ಹೊರಳುತ್ತದೆ. ಎಲ್ಲಿ ಕಚ್ಚುತ್ತದೆ, ಎಷ್ಟು ಗಟ್ಟಿಯಾಗಿ ಕಚ್ಚುತ್ತದೆ ಎನ್ನುವುದೇ ಆಟ. ಹಿಂದೆ ಮರದ ಚೆಂಡುಗಳಿದ್ದವು, ಆಮೇಲೆ ರಬ್ಬರಿನವು, ಪಾಲಿಯೆಸ್ಟರಿನವು, ಯುರೆಥೇನಿನವು ಬಂದವು. 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಎಂಬುದು ಬಂತು. ನನ್ನದು ಆ ಜಾತಿಯದು. ಅದರ ಹೊರಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವು ಹಾದಿಯ ಎಣ್ಣೆಯನ್ನು ಹೀರಿಕೊಳ್ಳುತ್ತವೆ, ಅದರಿಂದಲೇ ಚೆಂಡಿಗೆ ಹಿಡಿತ. ಹೀರಿ ಹೀರಿ ಹೊಟ್ಟೆ ತುಂಬಿದ ಮೇಲೆ ಹಿಡಿತ ಹೋಗುತ್ತದೆ. ನಾಲ್ಕು ಬೇಸಿಗೆಯ ಸೆಕೆಗೆ ನನ್ನ ಚೆಂಡು ಕುಡಿದದ್ದನ್ನೆಲ್ಲ ಕಕ್ಕುತ್ತಾ ಕೂತಿತ್ತು, ನಾನು ಅದರ ಬಾಯಿಗೆ ಪಾಲಿಶ್ ಮೆತ್ತಿದ್ದೆ.

ಆದ್ದರಿಂದ ಮೊದಲು ಎಣ್ಣೆ ತೆಗೆಯಬೇಕು. ಅದಕ್ಕೆ ಬಿಸಿನೀರು ಸಾಕು, ಆದರೆ ಕುದಿಯುವ ನೀರಲ್ಲ. 60 ಡಿಗ್ರಿ ದಾಟಿದರೆ ಅಪಾಯ: ಹೊರಪದರ ಒಂದು ಬಗೆಯಲ್ಲಿ ಹಿಗ್ಗುತ್ತದೆ, ಒಳಗಿನ ತಿರುಳು ಇನ್ನೊಂದು ಬಗೆಯಲ್ಲಿ, ಮೈ ಬಿರುಕು ಬಿಡಬಹುದು. ಮನೆಯಲ್ಲಿದ್ದದ್ದು ಜ್ವರ ನೋಡುವ ಥರ್ಮಾಮೀಟರ್ ಒಂದೇ, ಅದು ಈ ಕೆಲಸಕ್ಕೆ ಬಾರದು. ಕೈಯನ್ನೇ ನಂಬಿದೆ. ಬಚ್ಚಲ ಹಂಡೆಯಿಂದ ಬಿಸಿನೀರು ತೋಡಿ, ತಣ್ಣೀರು ಬೆರೆಸಿ, ಕೈ ಅದ್ದಿದರೆ ಚುರುಕ್ಕೆನ್ನಬೇಕು, ಆದರೆ ತೆಗೆಯಬೇಕು ಅನಿಸಬಾರದು, ಅಷ್ಟರ ಹದಕ್ಕೆ ತಂದೆ. ಪಾತ್ರೆ ತೊಳೆಯುವ ಸೋಪಿನ ದ್ರಾವಣ ನಾಲ್ಕು ಹನಿ. ಬೆರಳಿನ ತೂತುಗಳ ಮೇಲೆ ನೀರು ಇಳಿಯದ ಟೇಪು. ಬಕೆಟ್ಟಿನ ತಳಕ್ಕೆ ಮಡಿಸಿದ ಟವೆಲ್.

ಆಯಿ ಬಚ್ಚಲ ಬಾಗಿಲಲ್ಲಿ ನಿಂತು, "ಚೆಂಡಿಗೆ ಅಭ್ಯಂಜನವೋ? ಸೀಗೆಪುಡಿ ಕೊಡಲೋ?" ಎಂದಳು. ಪಕ್ಕದ ಮನೆಯ ಐದನೆಯ ತರಗತಿಯ ಹುಡುಗನೂ ಬಂದ. ಅವನಿಗೆ ಒಂದೇ ಕುತೂಹಲ, ಇದನ್ನು ಸಮುದ್ರಕ್ಕೆ ಎಸೆದರೆ ತೇಲುತ್ತದೆಯೋ ಮುಳುಗುತ್ತದೆಯೋ. ಇದು ಮುಳುಗುತ್ತದೆ ಎಂದು ಬಕೆಟ್ಟೇ ತೋರಿಸಿತು. ಆದರೆ ಎಲ್ಲ ಬೌಲಿಂಗ್ ಚೆಂಡುಗಳೂ ಹಾಗಲ್ಲ. ಅಳತೆ ಎಲ್ಲಕ್ಕೂ ಒಂದೇ, ತೂಕ ಬೇರೆ ಬೇರೆ. ಇಷ್ಟು ದೊಡ್ಡ ಚೆಂಡು ಐದೂವರೆ ಲೀಟರಿಗೆ ತುಸು ಕಡಿಮೆ ನೀರನ್ನು ಸರಿಸುತ್ತದೆ, ಆದ್ದರಿಂದ ಐದು ಕಿಲೋದೊಳಗಿನ ಚೆಂಡು ಆರಾಮವಾಗಿ ತೇಲುತ್ತದೆ. ಹುಡುಗ ಇದನ್ನು ನಂಬಲಿಲ್ಲ. ಅಂಥದ್ದೊಂದು ತಂದು ತೋರಿಸಿ ಎಂದು ಹೇಳಿ ಹೋದ.

ಇಪ್ಪತ್ತು ನಿಮಿಷಕ್ಕೆ ನೀರಿನ ಮೇಲೆ ಸಾರಿನ ಮೇಲಿನ ಎಣ್ಣೆಯಂತೆ ಹಳದಿ ವೃತ್ತಗಳು ತೇಲಿದವು. ಚೆಂಡು ಎತ್ತಿ ಒರೆಸುವುದು, ನೀರು ಬದಲಿಸುವುದು, ಮತ್ತೆ ಮುಳುಗಿಸುವುದು. ನಾಲ್ಕನೆಯ ನೀರು ತಿಳಿಯಾಗಿ ಉಳಿಯಿತು. ಎರಡು ದಿನ ಫ್ಯಾನಿನ ಕೆಳಗೆ ಒಣಗಿಸಿದೆ. ಮಳೆಗಾಲದಲ್ಲಿ ಲುಂಗಿ ಒಣಗುವುದಕ್ಕೇ ಎರಡು ದಿನ ಬೇಕು.

ಇನ್ನು ಉಜ್ಜುವ ಕೆಲಸ. ಬೌಲಿಂಗ್ ಆಡುವವರು ಬಳಸುವುದು ಆಬ್ರಲಾನ್ ಎಂಬ ಬಿಲ್ಲೆಗಳನ್ನು. ಹಿಂಬದಿಗೆ ಮೆತ್ತನೆಯ ಸ್ಪಂಜು ಇರುವುದರಿಂದ ಅವು ಚೆಂಡಿನ ಉಬ್ಬಿಗೆ ಸರಿಯಾಗಿ ಕೂರುತ್ತವೆ. 180, 360, 500, 1000, 2000, 3000, 4000 ಎಂದು ನಂಬರು. ನಂಬರು ಏರಿದಷ್ಟೂ ಕಣ ಸಣ್ಣದು, ಮೈ ನುಣುಪು. ಕಾರವಾರದಲ್ಲಿ ಅದನ್ನು ಎಲ್ಲಿ ಹುಡುಕುವುದು? ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಕೇಳಿದೆ. ನೀರು ಹಾಕಿಕೊಂಡು ಉಜ್ಜುವ ಕಪ್ಪು ಕಾಗದ, ಗಾಡಿಗೆ ಬಣ್ಣ ಹೊಡೆಯುವವರು ಬಳಸುವಂಥದ್ದು. 400, 600, 1000 ಅಲ್ಲೇ ಸಿಕ್ಕಿದವು, 2000ಕ್ಕೆ ವಾಹನಗಳ ಬಣ್ಣದ ಅಂಗಡಿಗೆ ಹೋಗಬೇಕಾಯಿತು. "ಯಾವ ಗಾಡಿ ಸಾರ್?" ಎಂದು ಕೇಳಿದ ಅಂಗಡಿಯವನಿಗೆ ಏನು ಹೇಳುವುದೆಂದು ತೋಚದೆ "ಸ್ಕೂಟರು" ಎಂದೆ.

ಸ್ಕೂಟರಿನ ಮಾತು ಪೂರ್ತಿ ಸುಳ್ಳೂ ಆಗಲಿಲ್ಲ. ದುಂಡಗಿನ ವಸ್ತುವನ್ನು ಅಲುಗಾಡದಂತೆ ಕೂರಿಸುವುದೇ ದೊಡ್ಡ ತಲೆನೋವು. ಕೊಡಕ್ಕೆ ಸಿಂಬೆ ಇಡುವುದಿಲ್ಲವೇ, ಹಾಗೆ ಹಳೆಯ ಸ್ಕೂಟರ್ ಟ್ಯೂಬಿಗೆ ಅರ್ಧ ಗಾಳಿ ತುಂಬಿ, ಸುರುಳಿ ಸುತ್ತಿ ಪ್ಲಾಸ್ಟಿಕ್ ಸ್ಟೂಲಿನ ಮೇಲಿಟ್ಟೆ. ಚೆಂಡು ಅದರಲ್ಲಿ ಮೊಟ್ಟೆಯಂತೆ ಕೂತಿತು. ಅಂಗಡಿಯಿಂದ ತರಿಸುವ ಯಂತ್ರದಲ್ಲಿ ಚೆಂಡು ತಾನೇ ತಿರುಗುತ್ತದೆ, ನಾವು ಬಿಲ್ಲೆ ಹಿಡಿದರಾಯಿತು. ಕೈಯಲ್ಲಿ ಮಾಡುವವನು ಚೆಂಡನ್ನು ದಾಳದಂತೆ ಕಲ್ಪಿಸಿಕೊಳ್ಳಬೇಕು: ಆರು ಮುಖ. ಒಂದೊಂದು ಮುಖದ ನಡುವಿಗೂ ಸೀಮೆಸುಣ್ಣದಲ್ಲಿ ಚುಕ್ಕೆ ಇಟ್ಟುಕೊಂಡು, ಪ್ರತಿ ಮುಖಕ್ಕೂ ಅಷ್ಟೇ ಹೊತ್ತು, ಅಷ್ಟೇ ಒತ್ತಡ. ಒಂದು ಕಡೆ ಜಾಸ್ತಿ ಉಜ್ಜಿದರೆ ಚೆಂಡಿನ ದುಂಡುತನ ಕೆಡುತ್ತದೆ.

400ರಲ್ಲಿ ಶುರು ಮಾಡಿದೆ. ಬಳೆಗಳ ಪಟ್ಟಿ ಹೋಗಬೇಕಾದರೆ ಒರಟಿನಿಂದಲೇ ಆರಂಭವಾಗಬೇಕು. ಕಾಗದವನ್ನು ನೀರಲ್ಲಿ ನೆನೆಸಿ, ಬೆರಳುಗಳ ಕೆಳಗೆ ಮಡಿಸಿ ಹಿಡಿದು ಸುತ್ತು ಸುತ್ತಾಗಿ ಉಜ್ಜಿದೆ. ನೇರಳೆ ಬಣ್ಣದ ತೆಳು ಕೆಸರು ಇಳಿಯಿತು, ರಾಗಿ ಅಂಬಲಿಗೆ ಕೋಕಂ ಬೆರೆಸಿದಂತೆ. ಮೂರನೆಯ ಮುಖಕ್ಕೆ ಬರುವಷ್ಟರಲ್ಲಿ ಮುಂಗೈ ಸೋತಿತ್ತು. ನೀರು ಸುರಿದು ಒರೆಸಿ ನೋಡಿದೆ. ಹಳೆಯ ಬಳೆಗಳು ಮಾಸಿದ್ದವು, ಸರಿ. ಅವುಗಳ ಜಾಗದಲ್ಲಿ ಉಗುರಿನಿಂದ ಕೊರೆದಂಥ ಅರ್ಧಚಂದ್ರಗಳು, ಒಂದೆರಡಲ್ಲ, ಹತ್ತಾರು. ಕಾಗದದ ಮಡಿಕೆಯ ಅಂಚು ಕಚ್ಚಿದ್ದು.

ಮರುದಿನ ಚೆಂಡನ್ನು ಅಕ್ಕಿಯ ಚೀಲಕ್ಕೆ ಹಾಕಿಕೊಂಡು ಕಾರವಾರದ ಮೀನುಗಾರಿಕೆ ಬಂದರು ಬೈತಖೋಲಕ್ಕೆ ಹೋದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ದಡದಲ್ಲಿ, ತಾಡಪಾಲಿನ ಕೆಳಗೆ ರಿಪೇರಿ. ಅಲ್ಲಿ ಫೈಬರ್ ಕೆಲಸ ಮಾಡುವ ಒಬ್ಬರು ನಮಗೆ ಪರಿಚಯ. ಮಾಮ ಎಂದೇ ನಾವೆಲ್ಲ ಕರೆಯುವುದು. ರೆಸಿನ್, ಹಾರ್ಡ್‌ನರ್, ಮ್ಯಾಟ್ ಇವುಗಳ ನಡುವೆಯೇ ಅವರ ಮೂವತ್ತು ವರ್ಷ ಕಳೆದಿದೆ. ಚೆಂಡನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಬ್ಯಾಟ್ ಬೀಸುವವನು ಯಾರು?" ಎರಡನೆಯದು, "ಯಾವ ರೆಸಿನ್?"

ಅವರಿಗೆ ಉತ್ತರ ಬೇಕಿರಲಿಲ್ಲ. ಉಗುರಿನಿಂದ ಕೆರೆದರು, ಮೂಸಿದರು. "ನಮ್ಮದು ಪಾಲಿಯೆಸ್ಟರ್. ಇದು ಅದಲ್ಲ, ಇದರ ಮೈ ಇನ್ನೂ ಮೆತ್ತಗಿದೆ" ಎಂದರು. ಹೆಬ್ಬೆರಳ ತೂತಿನ ಪಕ್ಕ ಕಡಲೆ ಗಾತ್ರದ ಚಕ್ಕೆ ಎದ್ದಿತ್ತು. ದೋಣಿಯ ರೆಸಿನ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನೇ ತುಂಬು, ಉಬ್ಬುವಷ್ಟು ತುಂಬಿ ಒಂದು ದಿನ ಬಿಟ್ಟು ಉಜ್ಜಿ ಸಮ ಮಾಡು ಎಂದರು. ಅರ್ಧಚಂದ್ರಗಳನ್ನು ನೋಡಿ ಮಾತ್ರ ನಕ್ಕರು. ಕಾಲಡಿಯಿಂದ ಸವೆದ ಹವಾಯಿ ಚಪ್ಪಲಿಯೊಂದನ್ನು ಎತ್ತಿ ಚಾಕುವಿನಿಂದ ಅಂಗೈಯಗಲದ ತುಂಡು ಕತ್ತರಿಸಿದರು, ಅದರ ಅಂಚುಗಳನ್ನು ಓರೆಯಾಗಿ ಸವರಿದರು. ದೋಣಿಯ ಬದಿಗೆ ಇದು. ಆಮೇಲೆ ಏನೋ ಯೋಚಿಸಿ ಅದನ್ನು ಬಿಸಾಡಿ, ಹಾಸಿಗೆಯ ಸ್ಪಂಜಿನ ತುಂಡಿಗೆ ವಾಟರ್ ಪೇಪರ್ ಸುತ್ತಿ ಕೊಟ್ಟರು. ಚೆಂಡಿಗೆ ಇದು.

"ತಮಾ, ಬೆರಳಲ್ಲಿ ಒತ್ತಬಾರದು. ಬೆರಳು ಐದು, ಗೀರೂ ಐದು. ಅಂಗೈ ಇಡು. ಕಾಗದವೇ ಕೊರೆಯಲಿ, ನೀನು ಕೊರೆಯಬೇಡ."

ಅವರು ಹೇಳಿದ ಇನ್ನೊಂದು ಮಾತು ನನ್ನ ಅರ್ಧ ಕೆಲಸ ಉಳಿಸಿತು. ನಂಬರು ಬದಲಿಸಿದಾಗ ಉಜ್ಜುವ ದಿಕ್ಕನ್ನೂ ಬದಲಿಸಬೇಕು. 400ನ್ನು ಅಡ್ಡಲಾಗಿ ಉಜ್ಜಿದ್ದರೆ 600ನ್ನು ಉದ್ದಕ್ಕೆ. ಅಡ್ಡ ಗೀರುಗಳು ಒಂದೂ ಕಾಣದೆ ಹೋದಾಗ 600ರ ಕೆಲಸ ಮುಗಿದಂತೆ. ಗಡಿಯಾರ ನೋಡಿ ನಿಲ್ಲಿಸುವ ಕೆಲಸವಲ್ಲ ಇದು. ನಡುವೆ ಪ್ರತಿ ಸಲ ಚೆಂಡು, ಕೈ, ಬಕೆಟ್ಟು, ಸ್ಪಂಜು ಎಲ್ಲ ತೊಳೆಯಬೇಕು. 400ರ ಒಂದು ಕಣ 1000ದ ನೀರಿನಲ್ಲಿ ಉಳಿದರೂ ಸಾಕು, ಹೊಸ ಗೀರು ಎಳೆದುಬಿಡುತ್ತದೆ. ಇದನ್ನು ಹೇಳುವಾಗ ಅವರು ಬಕೆಟ್ಟಿನ ವಿಷಯವನ್ನು ಎರಡು ಸಲ ಹೇಳಿದರು. ನಾನು ಆದರೂ ಮರೆತೆ, ಅದಕ್ಕೆ 1000ದ ಹಂತವನ್ನು ಎರಡು ಸಲ ಮಾಡಬೇಕಾಯಿತು.

ಮುಂದಿನ ನಾಲ್ಕು ಸಂಜೆಗಳು ಹಿಂಬದಿಯ ಪಡಸಾಲೆಯಲ್ಲೇ ಕಳೆದವು. ಹೊರಗೆ ಮಳೆ, ಒಳಗೆ ಸರ್ರ್ ಸರ್ರ್ ಸದ್ದು. ಪ್ರತಿ ನಂಬರಿಗೂ ಸದ್ದು ಬೇರೆ ಎಂದು ಎರಡನೆಯ ದಿನ ಗೊತ್ತಾಯಿತು. 400 ತೆಂಗಿನಕಾಯಿ ತುರಿದಂತೆ, 600 ದೋಸೆಕಲ್ಲಿನ ಮೇಲೆ ಹಿಟ್ಟು ಹರಡಿದಂತೆ, 2000ಕ್ಕೆ ಬರುವಾಗ ಸದ್ದೇ ಇಲ್ಲ, ಒದ್ದೆ ರೇಷ್ಮೆಯ ಮೇಲೆ ಕೈಯಾಡಿಸಿದ ಹಾಗೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡುವುದು ರೂಢಿಯಾಯಿತು. ನೇರ ಬೆಳಕಿನಲ್ಲಿ ಕಾಣದ ಗೀರು ಓರೆ ಬೆಳಕಿನಲ್ಲಿ ಕೂದಲಿನಂತೆ ಕಾಣುತ್ತದೆ. ಉಜ್ಜಿ ಉಜ್ಜಿ ಸಣ್ಣದಾಯಿತೇನೋ ಎಂಬ ಭಯಕ್ಕೆ ಆಯಿಯ ಹೊಲಿಗೆ ಟೇಪು ತಂದೆ. ಅವಳು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಬೆರಳು ಒಳಗೆ ಸೇರಿಸಿ ಸಡಿಲ ಬಿಡದೆ, ರವಿಕೆಯ ಅಳತೆ ತೆಗೆಯುವ ಗತ್ತಿನಲ್ಲೇ ಮೂರು ದಿಕ್ಕಿಗೆ ಸುತ್ತಿದಳು. ಮೂರು ಕಡೆಯೂ 27ಕ್ಕೆ ಒಂದು ಕೂದಲು ಕಡಿಮೆ. ನಿಯಮದ ಪ್ರಕಾರ ಸುತ್ತಳತೆ 26.704 ಇಂಚಿಗಿಂತ ಕಡಿಮೆಯಾಗುವಂತಿಲ್ಲ. ಕೈಯಲ್ಲಿ ಉಜ್ಜಿ ಅಷ್ಟು ಸವೆಸಲು ನನಗೆ ಇನ್ನೊಂದು ಜನ್ಮ ಬೇಕಿತ್ತು.

2000 ಮುಗಿದಾಗ ಚೆಂಡು ಹೊಳೆಯುತ್ತಿರಲಿಲ್ಲ. ಅದನ್ನು ಹೇಗೆ ಹೇಳಲಿ, ನದಿಯಲ್ಲಿ ಉರುಳಿ ಬಂದ ಕಲ್ಲಿನಂತಿತ್ತು. ನೇರಳೆ ಸುಳಿಗಳು ಮತ್ತೆ ಎದ್ದಿದ್ದವು, ಮೇಲೆ ತೆಳುವಾದ ಮಂಜಿನ ತೆರೆ. ಮುಟ್ಟಿದರೆ ನುಣುಪು, ಆದರೆ ಜಾರುವುದಿಲ್ಲ. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಪಾಲಿಶ್ ಮಾಡಿದ ಚೆಂಡು ಎಣ್ಣೆಯ ಮೇಲೆ ಹೆಚ್ಚು ದೂರ ಜಾರುತ್ತದೆ, ತಡವಾಗಿ ಹೊರಳುತ್ತದೆ. ಉಜ್ಜಿ ಬಿಟ್ಟ ಚೆಂಡು ಬೇಗ ಕಚ್ಚುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ಸವೆದ ಚಪ್ಪಲಿ ಮತ್ತು ಹೊಸ ಚಪ್ಪಲಿಗೆ ಇರುವ ವ್ಯತ್ಯಾಸ ಇದು. ಕರಾವಳಿಯಲ್ಲಿ ಹುಟ್ಟಿದವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಎಸೆತದಲ್ಲಿ ವೇಗಕ್ಕೆ ಕೊರತೆಯಿಲ್ಲ, ತಿರುವಿಗೆ ಕೊರತೆ, ಅದಕ್ಕೆ ಹೊಳಪು ಬೇಡವಾಗಿತ್ತು. ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬೈತಖೋಲಕ್ಕೆ ಹೋದೆ. ಚೆಂಡನ್ನು ಮಾಮನಿಗೆ ತೋರಿಸಬೇಕೆಂಬ ಆಸೆ, ಮತ್ತೇನಿಲ್ಲ.

ಅವರು ತಿರುಗಿಸಿ ನೋಡಿ, "ಚೆನ್ನಾಗಿದೆ. ಆದರೆ ಅರ್ಧಕ್ಕೆ ಬಿಟ್ಟಿದ್ದೀಯಲ್ಲ" ಎಂದರು.

ಇಷ್ಟೇ ಸಾಕು ಮಾಮ ಎಂದು ನಾನು ಹೇಳಿದೆ, ಆದರೆ ಜೋರಾಗಿ ಹೇಳಲಿಲ್ಲ. ಅವರ ಕಣ್ಣಿಗೆ ಹೊಳೆಯದ ಮೈ ಎಂದರೆ ಮುಗಿಯದ ಕೆಲಸ. ದೋಣಿಗೆ ಅದು ಸತ್ಯವೂ ಹೌದು. ರಬ್ಬಿಂಗ್ ಕಾಂಪೌಂಡನ್ನು ಬೆರಳ ತುದಿಯಲ್ಲಿ ತೆಗೆದು ಚೆಂಡಿಗೆ ನಾಲ್ಕು ಕಡೆ ಚುಕ್ಕೆ ಇಟ್ಟರು, ಬಫಿಂಗ್ ಯಂತ್ರಕ್ಕೆ ಉಣ್ಣೆಯ ಟೊಪ್ಪಿ ತೊಡಿಸಿದರು. ವೇಗ ಕಡಿಮೆ ಇಟ್ಟರು, ಒಂದೇ ಜಾಗದಲ್ಲಿ ನಿಲ್ಲಿಸಲಿಲ್ಲ, ನಡುನಡುವೆ ಅಂಗೈಯಿಟ್ಟು ಬಿಸಿ ನೋಡಿದರು. ಬಿಸಿಯಾದರೆ ಮೈ ಸುಡುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಹತ್ತು ನಿಮಿಷ. ಆಮೇಲೆ ಒರೆಸಿ ಎತ್ತಿ ಹಿಡಿದಾಗ ಅದರಲ್ಲಿ ತಾಡಪಾಲಿನ ನೀಲಿ, ಅದರಾಚೆಯ ಬೂದು ಸಮುದ್ರ, ನಮ್ಮಿಬ್ಬರ ಮೂಗು ಎಲ್ಲ ಕಂಡವು. ಹಿತ್ತಾಳೆ ಪಾಲಿಶ್ ತಂದಿದ್ದ ಹೊಳಪಿಗೂ ಇದಕ್ಕೂ ಅಜಗಜಾಂತರ. ಅಡಿಯಲ್ಲಿ ನಾಲ್ಕು ಸಂಜೆಯ ಉಜ್ಜುವಿಕೆ ಇತ್ತಲ್ಲ. ಸುತ್ತಲಿನ ದೋಣಿಗಳವರು ಬಂದು ನೋಡಿ ಹೋದರು. ಇನ್ನೂರು ರೂಪಾಯಿ ಕೊಟ್ಟರೆ ಮಾಮ ನೂರು ಹಿಂದಕ್ಕೆ ಕೊಟ್ಟರು.

ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಚೆಂಡನ್ನು ಕಾಲ ಬಳಿ ಇಟ್ಟುಕೊಂಡು ಬೆಂಗಳೂರಿಗೆ ಹೋದೆ. ಮೊದಲ ಸಂಜೆ ಸ್ನೇಹಿತರೆಲ್ಲ ಚೆಂಡನ್ನು ಕೈಗೆತ್ತಿಕೊಂಡು ಹೊಸದೇ ಎಂದು ಕೇಳಿದರು. ಅಷ್ಟರ ಮಟ್ಟಿಗೆ ಸುಖ. ಆಮೇಲೆ ಎಸೆದೆ. ಆಗಷ್ಟೇ ಎಣ್ಣೆ ಹಾಕಿದ ಹಾದಿಯ ಮೇಲೆ ಚೆಂಡು ಮಂಜುಗಡ್ಡೆಯ ತುಂಡಿನಂತೆ ನೆಟ್ಟಗೆ ಹೋಯಿತು. ಒಣ ಭಾಗದಲ್ಲಿ ಹೊರಳಲು ಮನಸ್ಸು ಮಾಡುವಷ್ಟರಲ್ಲಿ ಪಿನ್‌ಗಳೇ ಎದುರಾದವು. ಒಂದು ಬದಿಯ ಮೂರು ಬಿದ್ದವು. ಆಟ ಮುಗಿದಾಗ ನನ್ನ ಅಂಕ 109. ನಾಲ್ಕು ವರ್ಷ ಆಡದವನಿಗೆ ಇದು ಸಹಜ ಎಂದು ಎಲ್ಲರೂ ಸಮಾಧಾನ ಹೇಳಿದರು. ನನ್ನ ಕಣ್ಣು ಮಾತ್ರ ಚೆಂಡಿನ ಮೇಲೇ ಇತ್ತು.

ಚೀಲದ ಪಕ್ಕದ ಜೇಬಿನಲ್ಲಿ 2000ದ ಅರ್ಧ ಹಾಳೆ ಮತ್ತು ಸ್ಪಂಜಿನ ತುಂಡು ಉಳಿದಿದ್ದವು. ಸ್ಪರ್ಧೆಗಳಲ್ಲಿ ಆಟದ ನಡುವೆ ಚೆಂಡಿನ ಮೈ ಉಜ್ಜುವಂತಿಲ್ಲ, ನಮ್ಮದು ಸ್ಪರ್ಧೆಯೂ ಅಲ್ಲ, ಆಟದ ನಡುವೆಯೂ ಅಲ್ಲ. ರಾತ್ರಿ ಹನ್ನೊಂದರ ಮೇಲೆ ಸ್ನೇಹಿತನ ಅಡುಗೆಮನೆಯ ಸಿಂಕಿನಲ್ಲಿ ನಲ್ಲಿ ಸಣ್ಣಗೆ ಬಿಟ್ಟುಕೊಂಡು ಆರು ಮುಖವನ್ನೂ ಉಜ್ಜಿದೆ. ಮುಖಕ್ಕೆ ಒಂದು ನಿಮಿಷ. ಬೈತಖೋಲದ ಸಮುದ್ರ, ತಾಡಪಾಲು ಎಲ್ಲ ಬಿಳಿ ನೀರಾಗಿ ಹರಿದು ಹೋದವು. ನದಿಯ ಕಲ್ಲು ಮತ್ತೆ ಕೈಗೆ ಬಂತು. ಮರುದಿನ 151 ಅಂಕ. ಅದರಲ್ಲಿ ಎರಡು ಎಸೆತ ನಾನು ಬಯಸಿದ ಜಾಗದಲ್ಲೇ ಹೊರಳಿದವು, ಉಳಿದದ್ದು ಅದೃಷ್ಟ.

ಹಿಂದಿರುಗುವ ದಿನ ಮಾಮ ಫೋನ್ ಮಾಡಿದರು. ದೋಣಿ ನೀರಿಗಿಳಿಸಲು ಮೂರೇ ದಿನ ಉಳಿದಿತ್ತು, ಹಿಂದೆ ಯಾರೋ ಕೂಗಾಡುವುದು ಕೇಳುತ್ತಿತ್ತು.

"ಹೇಗೆ ಹೊಳೆಯಿತು? ಬೆಂಗಳೂರಿನವರು ಏನೆಂದರು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಹೊಳಪೆಲ್ಲ ಉಜ್ಜಿ ತೆಗೆದೆ ಮಾಮ, ಆಮೇಲೆ ಚೆನ್ನಾಗಿ ಉರುಳಿತು ಎಂದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು.

"ನೂರು ರೂಪಾಯಿ ಕೊಟ್ಟು ಹೊಳಪು ಮಾಡಿಸಿ, ನೀನೇ ತೆಗೆದೆಯಾ?"

"ಹೌದು ಮಾಮ."

"2000 ನಂಬರಿನಲ್ಲೇ ತೆಗೆದೆಯಲ್ಲ? ಬೇರೆ ಒರಟು ಕಾಗದ ಹಾಕಲಿಲ್ಲ ತಾನೇ?"

ಇಲ್ಲ ಎಂದೆ. "ಹಾಗಾದರೆ ಆಯಿತು" ಎಂದು ಫೋನ್ ಇಟ್ಟವರು ಅರ್ಧ ನಿಮಿಷಕ್ಕೆ ಮತ್ತೆ ಮಾಡಿದರು. ಬರುವಾಗ ಬೆಂಗಳೂರಿನಲ್ಲಿ ಆ ಸ್ಪಂಜು ಹಚ್ಚಿದ ಬಿಲ್ಲೆಗಳು ಸಿಕ್ಕರೆ ತೆಗೆದುಕೊಂಡು ಬಾ, ನಾಲ್ಕೈದು ಇರಲಿ ಎಂದರು.